ಫಾರ್ಮ್ 27ರಿಂದ ಮಾಯವಾದ ಕಾಲಂಗಳು

ಎಲ್ಲರಿಗೂ ನಮಸ್ಕಾರ. ಕಾನೂನು ಓದುತ್ತಿರುವವರು, ಫಾರ್ಮಸಿ ಓದುತ್ತಿರುವವರು, ಕೆಲವು ವೈದ್ಯರು ಬಂದಿದ್ದೀರಿ. ಪೇಟೆಂಟ್ ಅಂದ ಕೂಡಲೇ ವಿಜ್ಞಾನಿ, ಪ್ರಯೋಗಾಲಯ, ಹೊಸ ಶೋಧ ಇವೆಲ್ಲ ಕಣ್ಮುಂದೆ ಬರುತ್ತವೆ. ನಾನು ಇವತ್ತು ಮಾತಾಡುವುದು ನೋಡಲು ತೀರಾ ಸಣ್ಣದಾದ ಒಂದು ವಿಷಯದ ಬಗ್ಗೆ. ಅದು ಪೇಟೆಂಟ್ ಕಚೇರಿಗೆ ತುಂಬಿ ಕೊಡುವ ಒಂದು ಫಾರ್ಮ್. ಹೆಸರು ಫಾರ್ಮ್ 27.

ಹಳೆಯ ಫಾರ್ಮ್ 27ರಲ್ಲಿ ಏನೇನು ಕೇಳುತ್ತಿದ್ದರು ಅಂತ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಪೇಟೆಂಟ್ ಭಾರತದಲ್ಲಿ ಬಳಕೆಯಾಗಿದೆಯೇ, ಇಲ್ಲವೇ? ಆಗಿಲ್ಲ ಅಂದರೆ ಯಾಕೆ, ಬಳಕೆಗೆ ತರಲು ಏನು ಮಾಡುತ್ತಿದ್ದೀರಿ? ಆಗಿದೆ ಅಂದರೆ ಎಷ್ಟು ಪ್ರಮಾಣ, ಎಷ್ಟು ರೂಪಾಯಿ? ಅದರಲ್ಲಿ ಇಲ್ಲಿ ತಯಾರಾದದ್ದು ಎಷ್ಟು, ಹೊರಗಿನಿಂದ ತಂದದ್ದು ಎಷ್ಟು, ಯಾವ ಯಾವ ದೇಶದಿಂದ? ಆ ವರ್ಷ ಯಾರಿಗೆ ಲೈಸೆನ್ಸ್ ಕೊಟ್ಟಿದ್ದೀರಿ? ಕೊನೆಯದಾಗಿ, ಜನರಿಗೆ ಬೇಕಾದಷ್ಟು ನ್ಯಾಯವಾದ ಬೆಲೆಗೆ ಸಿಕ್ಕಿದೆಯೇ? ಪೂರ್ತಿ ಸಿಕ್ಕಿದೆಯೋ, ಸಾಕಷ್ಟೋ, ಅರೆಬರೆಯೋ?

ಇಷ್ಟೇ. ಒಂದೆರಡು ಪುಟ. ಪ್ರತಿ ವರ್ಷ ತುಂಬಿ ಕೊಡಬೇಕಿತ್ತು.

ಇದನ್ನೆಲ್ಲ ಕೇಳುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು? ಊರಿನ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಒಬ್ಬರಿಗೆ ಗುತ್ತಿಗೆ ಕೊಟ್ಟರೆ, ವರ್ಷದ ಕೊನೆಗೆ ಊರವರು ಲೆಕ್ಕ ಕೇಳುತ್ತಾರೆ ಅಲ್ವಾ? ಪೇಟೆಂಟ್ ಕೂಡ ಅಂಥದೇ ಕರಾರು. 20 ವರ್ಷ ಬೇರೆ ಯಾರೂ ಅದನ್ನು ಮಾಡದ ಹಾಗೆ ತಡೆಯುವ ಹಕ್ಕನ್ನು ನಾವು ಕೊಡುತ್ತೇವೆ. ಆ ಹಕ್ಕು ಬರೀ ಆಮದಿನ ಏಕಸ್ವಾಮ್ಯಕ್ಕಾಗಿ ಕೊಡುವಂಥದ್ದಲ್ಲ ಅಂತ 1970ರ ಪೇಟೆಂಟ್ ಕಾಯ್ದೆಯ 83ನೇ ಸೆಕ್ಷನ್‌ನಲ್ಲೇ ಬರೆದಿದೆ. ಭಾರತದಲ್ಲಿ ಪೇಟೆಂಟ್ ಎಷ್ಟರ ಮಟ್ಟಿಗೆ ಬಳಕೆಯಾಗಿದೆ ಅಂತ ಪೇಟೆಂಟ್ ಇರುವವರು, ಲೈಸೆನ್ಸ್ ಪಡೆದವರು ಹೇಳಿಕೆ ಕೊಡಬೇಕು ಅಂತ 146ನೇ ಸೆಕ್ಷನ್ ಹೇಳುತ್ತದೆ. ಆ ಹೇಳಿಕೆಯೇ ಫಾರ್ಮ್ 27.

ಅದರ ಬೆಲೆ ಏನು ಅಂತ ಗೊತ್ತಾಗಿದ್ದು 2012ರಲ್ಲಿ. ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಬೇಯರ್ ಕಂಪನಿಯ ಸೊರಾಫೆನಿಬ್ ಅನ್ನುವ ಔಷಧ. ಮಾರಾಟದ ಹೆಸರು ನೆಕ್ಸಾವರ್. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್ ಮುಂದುವರಿದ ಹಂತದಲ್ಲಿರುವವರಿಗೆ ಕೊಡುವಂಥದ್ದು. ಭಾರತದಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿದ್ದು 2008ರ ಮಾರ್ಚ್‌ನಲ್ಲಿ. ಒಂದು ತಿಂಗಳಿಗೆ 120 ಮಾತ್ರೆ ಬೇಕು. ಬೆಲೆ 2,80,428 ರೂಪಾಯಿ. ಒಂದು ತಿಂಗಳಿಗೆ ಅಷ್ಟು! ಹೈದರಾಬಾದಿನ ನ್ಯಾಟ್ಕೊ ಕಂಪನಿ, ನಾವು ಇದನ್ನು ಸುಮಾರು 8,800 ರೂಪಾಯಿಗೆ ಕೊಡುತ್ತೇವೆ, ನಮಗೆ ಕಡ್ಡಾಯ ಲೈಸೆನ್ಸ್ ಕೊಡಿ ಅಂತ 2011ರಲ್ಲಿ ಅರ್ಜಿ ಹಾಕಿತು. ಕಡ್ಡಾಯ ಲೈಸೆನ್ಸ್ ಅಂದರೆ, ಪೇಟೆಂಟ್ ಇರುವವರು ಒಪ್ಪದಿದ್ದರೂ ಬೇರೆಯವರು ತಯಾರಿಸಬಹುದು ಅಂತ ಸರ್ಕಾರ ಕೊಡುವ ಪರವಾನಗಿ. ಪೇಟೆಂಟ್ ಇರುವವರಿಗೆ ರಾಯಲ್ಟಿ, ಅಂದರೆ ಮಾರಾಟದ ಹಣದಲ್ಲಿ ಒಂದು ಪಾಲು, ಸಲ್ಲುತ್ತದೆ.

84ನೇ ಸೆಕ್ಷನ್ ಪ್ರಕಾರ ಇದಕ್ಕೆ ಮೂರು ಕಾರಣಗಳಿವೆ. ಜನರ ಅಗತ್ಯ ಪೂರೈಸದೇ ಇರುವುದು, ಕೈಗೆಟುಕುವ ಬೆಲೆಗೆ ಸಿಗದೇ ಇರುವುದು, ಭಾರತದಲ್ಲಿ ಪೇಟೆಂಟ್ ಬಳಕೆಯಾಗದೇ ಇರುವುದು. ಒಂದು ಸಾಬೀತಾದರೂ ಸಾಕು. ಆದರೆ ಸಾಬೀತು ಮಾಡಲು ಅಂಕಿ ಅಂಶ ಬೇಕಲ್ಲ? ಎಷ್ಟು ಔಷಧ ಮಾರಿದ್ದೀರಿ ಅಂತ ಎದುರಾಳಿ ಕಂಪನಿ ತಾನಾಗಿ ಬಂದು ಹೇಳುತ್ತದೆಯೇ? ಅಲ್ಲಿ ಉಪಯೋಗಕ್ಕೆ ಬಂದದ್ದು ಫಾರ್ಮ್ 27. ಬೇಯರ್ ತಾನೇ ತುಂಬಿ ಕೊಟ್ಟಿದ್ದ ಲೆಕ್ಕ ಅದು. ಅದರಲ್ಲಿ 2008ರ ಆಮದು ಸೊನ್ನೆ. ಅಗತ್ಯವಿದ್ದ ರೋಗಿಗಳಲ್ಲಿ ನೂರಕ್ಕೆ ಎರಡು ಜನಕ್ಕಿಂತ ಸ್ವಲ್ಪ ಜಾಸ್ತಿ ಮಂದಿಗೆ ಮಾತ್ರ ಬೇಯರ್ ಔಷಧ ತಲುಪಿದೆ ಅನ್ನುವ ತೀರ್ಮಾನಕ್ಕೆ ಅಂದಿನ ಪೇಟೆಂಟ್ ಕಂಟ್ರೋಲರ್, ಅಂದರೆ ಪೇಟೆಂಟ್ ಕಚೇರಿಯ ಮುಖ್ಯಸ್ಥ, ಪಿ.ಎಚ್. ಕುರಿಯನ್ ಬಂದರು. ಸಿಪ್ಲಾ ಕಂಪನಿಯೂ ಇದೇ ಔಷಧ ಮಾರುತ್ತಿದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ ಅಂತ ಬೇಯರ್ ವಾದಿಸಿತು. ಅದೇ ಸಿಪ್ಲಾ ನಮ್ಮ ಪೇಟೆಂಟ್ ಉಲ್ಲಂಘಿಸಿದೆ ಅಂತ ದೆಹಲಿ ಹೈಕೋರ್ಟಿನಲ್ಲಿ ಬೇಯರ್ ಮೊಕದ್ದಮೆ ಹಾಕಿತ್ತು. ಈ ವಾದವನ್ನು ಕಂಟ್ರೋಲರ್ ಒಪ್ಪಲಿಲ್ಲ. 2012ರ ಮಾರ್ಚ್ 9ರಂದು ನ್ಯಾಟ್ಕೊಗೆ ಲೈಸೆನ್ಸ್ ಸಿಕ್ಕಿತು. ರಾಯಲ್ಟಿ ಶೇ. 6. ಮೇಲ್ಮನವಿಯಲ್ಲಿ ಅದು ಶೇ. 7 ಆಯಿತು. ಬಾಂಬೆ ಹೈಕೋರ್ಟ್ 2014ರಲ್ಲಿ ಈ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯರ್ ಅರ್ಜಿಯನ್ನು ತಳ್ಳಿಹಾಕಿತು.

84ನೇ ಸೆಕ್ಷನ್ ಅಡಿಯಲ್ಲಿ ಈ ದೇಶದಲ್ಲಿ ಸಿಕ್ಕಿರುವ ಕಡ್ಡಾಯ ಲೈಸೆನ್ಸ್ ಇದೊಂದೇ. ಮುಂದೆ ಲೀ ಫಾರ್ಮಾ ಅನ್ನುವ ಕಂಪನಿ ಸಕ್ಕರೆ ಕಾಯಿಲೆಯ ಒಂದು ಔಷಧಕ್ಕೆ ಹೀಗೇ ಅರ್ಜಿ ಹಾಕಿ, 2016ರ ಜನವರಿಯಲ್ಲಿ ಸೋತಿತು. ಎಷ್ಟು ರೋಗಿಗಳಿಗೆ ಬೇಕು, ಎಷ್ಟು ಜನರಿಗೆ ಸಿಕ್ಕಿಲ್ಲ ಅನ್ನುವುದಕ್ಕೆ ಸರಿಯಾದ ಅಂಕಿ ಅಂಶ ತೋರಿಸಲಿಲ್ಲ ಅನ್ನುವುದು ಅಲ್ಲಿ ಮುಖ್ಯ ಕಾರಣ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಲೆಕ್ಕ ಸಿಕ್ಕ ಕಡೆ ಔಷಧದ ಬೆಲೆ ಮೂವತ್ತು ಪಟ್ಟಿಗಿಂತ ಜಾಸ್ತಿ ಇಳಿಯಿತು. ಸಿಗದ ಕಡೆ ಅರ್ಜಿಯೇ ಬಿದ್ದುಹೋಯಿತು.

ಈಗ ಶಾಮ್ನಾದ್ ಬಷೀರ್ ಅವರ ವಿಷಯ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದವರು, ಮುಂದೆ ಕಾನೂನು ಪ್ರಾಧ್ಯಾಪಕರಾದವರು. ಕಂಪನಿಗಳು ಫಾರ್ಮ್ 27 ತುಂಬುವುದೇ ಇಲ್ಲ, ತುಂಬಿದರೂ ಅರ್ಧಂಬರ್ಧ, ಪೇಟೆಂಟ್ ಕಚೇರಿ ಯಾರ ಮೇಲೂ ಕ್ರಮ ತೆಗೆದುಕೊಂಡಿಲ್ಲ ಅನ್ನುವುದನ್ನು ಅವರು ದಾಖಲೆ ಸಮೇತ ಹುಡುಕಿ ತೆಗೆದರು. ಆಗ ಕಾಯ್ದೆಯಲ್ಲಿ ದಂಡ ಕಡಿಮೆಯೇನೂ ಇರಲಿಲ್ಲ. ಮಾಹಿತಿ ಕೊಡದಿದ್ದರೆ 10 ಲಕ್ಷ ರೂಪಾಯಿವರೆಗೆ ದಂಡ, ಸುಳ್ಳು ಮಾಹಿತಿ ಕೊಟ್ಟರೆ ಆರು ತಿಂಗಳವರೆಗೆ ಜೈಲು. (ಆ ಜೈಲು ಶಿಕ್ಷೆಯನ್ನು 2023ರ ಜನ್ ವಿಶ್ವಾಸ್ ಕಾಯ್ದೆ ತೆಗೆದುಹಾಕಿದೆ.) 2015ರಲ್ಲಿ ಬಷೀರ್ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅವರು ಕೇಳಿದ್ದು, ಈ ನಿಯಮವನ್ನು ಗಟ್ಟಿಯಾಗಿ ಜಾರಿ ಮಾಡಿ, ಫಾರ್ಮನ್ನು ಇನ್ನೂ ಸ್ಪಷ್ಟ ಮಾಡಿ ಅಂತ. ನಾವು ಫಾರ್ಮ್ ತಿದ್ದುತ್ತೇವೆ ಅಂತ ಸರ್ಕಾರ ಮಾತು ಕೊಟ್ಟಿತು. 2018ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ಇತ್ಯರ್ಥ ಮಾಡಿತು. 2019ರ ಆಗಸ್ಟ್‌ನಲ್ಲಿ ಬಷೀರ್ ತೀರಿಕೊಂಡರು.

ಸರ್ಕಾರ ಫಾರ್ಮ್ ತಿದ್ದಿತು, ನಿಜ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಫಾರ್ಮ್‌ನಲ್ಲಿ ಪ್ರಮಾಣದ ಕಾಲಂ ಇಲ್ಲ, ಲೈಸೆನ್ಸ್ ವಿವರ ಇಲ್ಲ, ಜನರಿಗೆ ನ್ಯಾಯವಾದ ಬೆಲೆಗೆ ಸಿಕ್ಕಿದೆಯೇ ಅನ್ನುವ ಪ್ರಶ್ನೆಯೂ ಇಲ್ಲ. ಅಂದಾಜು ಮೌಲ್ಯ ಒಂದು ಉಳಿದಿತ್ತು. 2024ರ ಮಾರ್ಚ್ 15ರಂದು ಬಂದ ನಿಯಮಗಳಲ್ಲಿ ಅದೂ ಹೋಯಿತು. ಬಳಕೆಯಾಗಿದೆಯೋ ಇಲ್ಲವೋ ಅಂತ ಒಂದು ಗುರುತು ಹಾಕಿದರೆ ಬಹುತೇಕ ಮುಗಿಯಿತು. ಅದೂ ಮೂರು ವರ್ಷಕ್ಕೆ ಒಂದು ಸಲ. 2023-24ರಿಂದ 2025-26ರವರೆಗೆ ಎಲ್ಲಕ್ಕೂ ಸೇರಿ ಒಂದೇ ಫಾರ್ಮ್.

146ನೇ ಸೆಕ್ಷನ್ ಇವತ್ತಿಗೂ ಹಾಗೇ ಇದೆ. ಎಷ್ಟರ ಮಟ್ಟಿಗೆ ಬಳಕೆಯಾಗಿದೆ ಅಂತ ಅದು ಇವತ್ತಿಗೂ ಕೇಳುತ್ತದೆ. ಫಾರ್ಮ್ ಮಾತ್ರ ಹೌದೋ ಇಲ್ಲವೋ ಅಂತ ಕೇಳುತ್ತದೆ. ಸಂಸತ್ತು ಬರೆದ ಒಂದು ಬಾಧ್ಯತೆಯನ್ನು ಸಂಸತ್ತಿನಲ್ಲಿ ಚರ್ಚೆ ಇಲ್ಲದೆ, ಇಲಾಖೆಯ ಒಂದು ಅಧಿಸೂಚನೆ ಇಷ್ಟು ತೆಳ್ಳಗೆ ಮಾಡಬಹುದೇ? ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಂಪನಿಗಳ ವಾದದಲ್ಲೂ ಹುರುಳಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಒಂದು ಮೊಬೈಲ್ ಫೋನಿನಲ್ಲಿ ಸಾವಿರಾರು ಪೇಟೆಂಟ್‌ಗಳಿರುತ್ತವೆ. ಅದರಲ್ಲಿ ಒಂದೊಂದು ಪೇಟೆಂಟಿಗೆ ಎಷ್ಟು ರೂಪಾಯಿ ಅಂತ ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಸಣ್ಣ ಉದ್ದಿಮೆಯವರಿಗೆ, ವಿಶ್ವವಿದ್ಯಾಲಯಗಳಿಗೆ ಪ್ರತಿ ವರ್ಷ ಫಾರ್ಮ್ ತುಂಬಿಸುವ ಖರ್ಚೂ ಭಾರವೇ. ಅದಕ್ಕೆ ಪರಿಹಾರ ಇತ್ತು. ಹಲವು ಪೇಟೆಂಟ್ ಸೇರಿರುವ ವಸ್ತುಗಳಿಗೆ ಒಂದೇ ಲೆಕ್ಕ ಕೊಡಲು 2020ರಲ್ಲೇ ಅವಕಾಶ ಮಾಡಿದರು, ಅದು ಒಳ್ಳೆಯ ಬದಲಾವಣೆ. ಆದರೆ ಒಂದು ಕ್ಯಾನ್ಸರ್ ಮಾತ್ರೆಯ ಕಥೆ ಮೊಬೈಲ್ ಫೋನಿನದಲ್ಲ. ಅದರ ಮೇಲೆ ಬೆರಳೆಣಿಕೆಯಷ್ಟು ಪೇಟೆಂಟ್ ಇರುತ್ತವೆ. ಎಷ್ಟು ಡಬ್ಬಿ ಬಂತು, ಎಷ್ಟಕ್ಕೆ ಮಾರಿದಿರಿ ಅನ್ನುವುದು ಆ ಕಂಪನಿಯ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ಇನ್ನು ಲೈಸೆನ್ಸ್ ಷರತ್ತುಗಳು ಗುಟ್ಟಾಗಿರಬೇಕು ಅನ್ನುವುದು. ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. 69ನೇ ಸೆಕ್ಷನ್ ಪ್ರಕಾರ, ಪೇಟೆಂಟ್ ಇರುವವರಾಗಲಿ ಲೈಸೆನ್ಸ್ ಪಡೆದವರಾಗಲಿ ಕೇಳಿಕೊಂಡರೆ, ನ್ಯಾಯಾಲಯ ಹೇಳಿದ ಹೊರತು ಆ ಷರತ್ತುಗಳನ್ನು ಕಂಟ್ರೋಲರ್ ಹೊರಗೆ ಬಿಡುವಂತಿಲ್ಲ. ಯಾರಿಗೆ ಲೈಸೆನ್ಸ್ ಕೊಟ್ಟಿದ್ದೀರಿ ಅನ್ನುವ ಹೆಸರು ಹೇಳಿದರೆ ಯಾವ ಗುಟ್ಟೂ ಹೊರಬೀಳುವುದಿಲ್ಲ.

ಈ ಬದಲಾವಣೆಗಳು ಆದ ರೀತಿ ನನಗೆ ಇನ್ನೂ ಜಾಸ್ತಿ ಕಾಡುತ್ತದೆ.

ಪೇಟೆಂಟ್ ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ ನಿಯಮ ಮಾಡುವ ಮೊದಲು ಕರಡು ಪ್ರಕಟಿಸಬೇಕು. ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಬೇಕು ಅಂತ 1897ರ ಜನರಲ್ ಕ್ಲಾಸಸ್ ಕಾಯ್ದೆ ಹೇಳುತ್ತದೆ. ಆದರೆ ಹೇಗೆ ಪರಿಗಣಿಸಿದಿರಿ ಅಂತ ತೋರಿಸಬೇಕಾಗಿಲ್ಲ. ನಿಯಮ ಗೆಜೆಟ್‌ನಲ್ಲಿ ಬಂದರೆ, ಎಲ್ಲವೂ ಕ್ರಮವಾಗಿ ಆಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತಲೂ ಅದೇ ಕಾಯ್ದೆ ಹೇಳುತ್ತದೆ! 2023ರ ಆಗಸ್ಟ್‌ನಲ್ಲಿ ಕರಡು ಬಂತು, 30 ದಿನ ಸಮಯ ಕೊಟ್ಟರು. 2024ರ ಮಾರ್ಚ್‌ನಲ್ಲಿ ಅಂತಿಮ ನಿಯಮ ಬಂತು. ಆಕ್ಷೇಪಣೆಗಳ ಬಗ್ಗೆ ಗೆಜೆಟ್‌ನಲ್ಲಿ ಇರುವುದು, ಅವನ್ನು ಕೇಂದ್ರ ಸರ್ಕಾರ ಪರಿಗಣಿಸಿದೆ ಅನ್ನುವ ಮಾತೊಂದೇ. ಮೌಲ್ಯದ ಕಾಲಂ ತೆಗೆಯಿರಿ ಅಂದವರು ಯಾರು? ಇರಲಿ ಅಂದವರು ಯಾರು? ಅವರ ಮಾತು ಯಾಕೆ ಒಪ್ಪಿಗೆಯಾಗಲಿಲ್ಲ? ಗೆಜೆಟ್ ಓದಿದವರಿಗೆ ಇದು ಯಾವುದೂ ತಿಳಿಯುವುದಿಲ್ಲ.

ಹೀಗೇ ಇರಬೇಕು ಅಂತೇನಿಲ್ಲ. ಇದೇ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಅನ್ನು ನೋಡಿ. ಟೆಲಿಕಾಂ ನಿಯಮ ಮಾಡುವ ಮೊದಲು ಚರ್ಚಾ ಪತ್ರ ಬಿಡುತ್ತಾರೆ. ಯಾರು ಏನು ಬರೆದರು ಅನ್ನುವುದನ್ನು ತಮ್ಮ ಜಾಲತಾಣದಲ್ಲಿ ಹಾಕುತ್ತಾರೆ. ಅದಕ್ಕೆ ಪ್ರತಿಯಾಗಿ ಬರೆಯಲು ಮತ್ತೆ ಸಮಯ ಕೊಡುತ್ತಾರೆ. ನಿಯಮದ ಜೊತೆಗೆ ವಿವರಣೆ ಇರುತ್ತದೆ. ಅವರ ಕಾಯ್ದೆಯಲ್ಲೇ ಪಾರದರ್ಶಕತೆ ಕಡ್ಡಾಯ. ಫೋನ್ ಕರೆ ಮಧ್ಯದಲ್ಲೇ ಕಡಿದುಹೋದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಅನ್ನುವ ಟ್ರಾಯ್ ನಿಯಮವನ್ನು 2016ರ ಮೇ ತಿಂಗಳಲ್ಲಿ ರದ್ದು ಮಾಡಿದಾಗ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕದ 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಮಾದರಿಯಲ್ಲಿ, ಎಲ್ಲ ಇಲಾಖೆಗಳ ನಿಯಮ ರಚನೆಗೂ ಅನ್ವಯವಾಗುವ ಒಂದು ಕಾಯ್ದೆ ಮಾಡುವ ಬಗ್ಗೆ ಸಂಸತ್ತು ಯೋಚಿಸಲಿ ಅಂತ ಹೇಳಿತು. ಅಂಥ ಕಾಯ್ದೆ ಇನ್ನೂ ಬಂದಿಲ್ಲ. 2014ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ಮಾಡಿಕೊಂಡ ಪೂರ್ವ ಶಾಸನ ಸಮಾಲೋಚನಾ ನೀತಿ ಅಂತ ಒಂದು ಇದೆ. ಕರಡನ್ನು ಕಡಿಮೆಯೆಂದರೆ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಇಲಾಖೆಯ ಜಾಲತಾಣದಲ್ಲಿ ಹಾಕಬೇಕು ಅಂತ ಅದರಲ್ಲಿದೆ. ನೀತಿ ಚೆನ್ನಾಗಿದೆ. ಕಾಯ್ದೆಯ ಬಲ ಮಾತ್ರ ಅದಕ್ಕಿಲ್ಲ.

ಬಾಗಿಲು ಮುಚ್ಚಿಕೊಂಡು ಮಾತಾಡಿದರೆ ಏನಾಗುತ್ತದೆ ಅನ್ನುವುದಕ್ಕೆ 2016ರ ಒಂದು ಘಟನೆ ಹೇಳುತ್ತೇನೆ. ವಾಣಿಜ್ಯ ಉದ್ದೇಶಕ್ಕೆ ಕಡ್ಡಾಯ ಲೈಸೆನ್ಸ್ ಬಳಸುವುದಿಲ್ಲ ಅಂತ ಭಾರತ ಸರ್ಕಾರ ತಮಗೆ ಖಾಸಗಿಯಾಗಿ ಭರವಸೆ ಕೊಟ್ಟಿದೆ ಅಂತ ಅಮೆರಿಕ-ಭಾರತ ವಾಣಿಜ್ಯ ಮಂಡಳಿ ಅನ್ನುವ ಕಂಪನಿಗಳ ಸಂಘ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಗೆ ಬರೆದುಕೊಟ್ಟಿತು. ಅಲ್ಲಿ ಇಂಥ ಮನವಿಗಳು ಸಾರ್ವಜನಿಕವಾಗಿರುತ್ತವೆ. ಹಾಗಾಗಿ ಸುದ್ದಿ ಹೊರಬಂತು. ಅಂಥ ವರದಿ ಸರಿಯಲ್ಲ ಅಂತ ನಮ್ಮ ವಾಣಿಜ್ಯ ಸಚಿವಾಲಯ ಅದೇ ವರ್ಷದ ಮಾರ್ಚ್‌ನಲ್ಲಿ ಸ್ಪಷ್ಟನೆ ಕೊಟ್ಟಿತು. ಯಾರ ಮಾತು ನಿಜ ಅನ್ನುವ ತೀರ್ಪು ನಾನು ಕೊಡುತ್ತಿಲ್ಲ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ನಮ್ಮ ರೋಗಿಗಳ ಔಷಧದ ಬಗ್ಗೆ ಇಂಥ ಗಂಭೀರ ಮಾತು ಎದ್ದಿದೆ ಅನ್ನುವುದು ನಮಗೆ ಗೊತ್ತಾಗಲು ವಾಷಿಂಗ್ಟನ್ನಿನ ಕಡತ ತೆರೆದಿರಬೇಕಾಯಿತು.

ವ್ಯಾಪಾರ ಒಪ್ಪಂದಗಳ ಕಥೆಯೂ ಇದೇ. 2024ರ ನಿಯಮ ಬರುವುದಕ್ಕೆ ಐದು ದಿನ ಮೊದಲು, ಮಾರ್ಚ್ 10ರಂದು, ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ದೇಶಗಳ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. 2025ರ ಜುಲೈ 24ರಂದು ಬ್ರಿಟನ್ ಜೊತೆ. ಜನರು ಪೂರ್ತಿ ಪಠ್ಯ ಓದಲು ಸಾಧ್ಯವಾಗಿದ್ದು ಸಹಿ ಬಿದ್ದ ಮೇಲೆ. ಪೇಟೆಂಟ್ ಬಳಕೆಯ ಹೇಳಿಕೆಯನ್ನು ಮೂರು ವರ್ಷಕ್ಕಿಂತ ಬೇಗ ಬೇಗ ಕೇಳಬಾರದು ಅನ್ನುವ ಮಾತು ಬ್ರಿಟನ್ ಒಪ್ಪಂದದಲ್ಲಿದೆ. ಅಂದರೆ ನಿನ್ನೆಯವರೆಗೆ ಇಲಾಖೆ ತಾನಾಗಿ ಬದಲಿಸಬಹುದಾಗಿದ್ದ ಒಂದು ನಿಯಮಕ್ಕೆ ಈಗ ಅಂತರರಾಷ್ಟ್ರೀಯ ಒಪ್ಪಂದದ ಬೀಗ. ಇನ್ನೊಂದು ಮಾತೂ ಅಲ್ಲಿದೆ. ಔಷಧ ಜನರಿಗೆ ಸಿಗುವಂತೆ ಮಾಡಲು ಸ್ವಯಂಪ್ರೇರಿತ ಲೈಸೆನ್ಸ್‌ನಂಥ ದಾರಿಯೇ ಉತ್ತಮ ಅಂತ. ಸರಿ, ಒಂದು ಕ್ಷಣ ಒಪ್ಪಿಕೊಳ್ಳೋಣ. ಕಂಪನಿಗಳು ತಾವಾಗಿ ಲೈಸೆನ್ಸ್ ಕೊಡುವುದೇ ಮುಖ್ಯ ದಾರಿ ಅನ್ನುವುದಾದರೆ, ಯಾರು ಯಾರಿಗೆ ಕೊಟ್ಟಿದ್ದಾರೆ, ಅದರಿಂದ ಎಷ್ಟು ಔಷಧ ಬಂತು ಅಂತ ಮೊದಲಿಗಿಂತ ಜಾಸ್ತಿ ತಿಳಿಯಬೇಕಲ್ವಾ? ನಾವು ಆ ಕಾಲಂ ಅನ್ನೇ 2020ರಲ್ಲಿ ತೆಗೆದುಬಿಟ್ಟಿದ್ದೇವೆ. ಲೈಸೆನ್ಸ್ ಕೊಡಲು ಸಿದ್ಧ ಇದ್ದೀರಾ ಅಂತ 2024ರ ಫಾರ್ಮ್ ಕೇಳುತ್ತದೆ. ಕೊಟ್ಟಿದ್ದೀರಾ ಅಂತ ಕೇಳುವುದಿಲ್ಲ.

ಅದೇ 2024ರ ನಿಯಮಗಳಲ್ಲಿ ಇನ್ನೊಂದು ಬದಲಾವಣೆ ಬಂತು. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು ಅಂತ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತದೆ. ಇದಕ್ಕೆ ಮೊದಲು ಶುಲ್ಕವೇ ಇರಲಿಲ್ಲ. ಈಗ ಆನ್‌ಲೈನ್‌ನಲ್ಲಿ ಸಲ್ಲಿಸಲು ಒಬ್ಬ ವ್ಯಕ್ತಿಗೆ 4,000 ರೂಪಾಯಿ, ದೊಡ್ಡ ಸಂಸ್ಥೆಗಳಿಗೆ 20,000. ಜೊತೆಗೆ, ಆ ಆಕ್ಷೇಪಣೆ ವಿಚಾರಣೆಗೆ ಯೋಗ್ಯವೇ ಅಂತ ಕಂಟ್ರೋಲರ್ ಮೊದಲೇ ನೋಡುತ್ತಾರೆ. ಹೆಸರಿಗೆ ಮಾತ್ರ ಯಾರನ್ನೋ ಮುಂದಿಟ್ಟು ಸುಮ್ನೆ ಆಕ್ಷೇಪಣೆ ಹಾಕಿಸಿ ವರ್ಷಗಟ್ಟಲೆ ಎಳೆಯುವವರು ಇದ್ದಾರೆ, ಅವರನ್ನು ತಡೆಯಬೇಕು ಅನ್ನುವ ದೂರು ಇತ್ತು. ಆ ದೂರು ಪೂರ್ತಿ ಸುಳ್ಳಲ್ಲ.

ಆದರೆ ಬೆಡಾಕ್ವಿಲಿನ್ ವಿಷಯದಲ್ಲಿ ಆಕ್ಷೇಪಣೆ ಹಾಕಿದವರು ಯಾರು ನೋಡಿ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಔಷಧ ಅದು, ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯದು. ಮುಖ್ಯ ಪೇಟೆಂಟ್ 2023ರ ಜುಲೈನಲ್ಲಿ ಮುಗಿಯುವುದಿತ್ತು. ಅದೇ ಔಷಧದ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಸಿಕ್ಕಿದ್ದರೆ ಏಕಸ್ವಾಮ್ಯ 2027ರವರೆಗೆ ಎಳೆಯುತ್ತಿತ್ತು. 2019ರಲ್ಲಿ ಇದನ್ನು ವಿರೋಧಿಸಿದವರು ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಬದುಕಿ ಬಂದವರು. ಹಳೆಯ ಚಿಕಿತ್ಸೆಯ ಅಡ್ಡಪರಿಣಾಮದಿಂದ ಇಬ್ಬರೂ ಕಿವಿ ಕೇಳುವ ಶಕ್ತಿ ಕಳೆದುಕೊಂಡಿದ್ದರು. ತಮ್ಮ ನಂತರದವರಿಗೆ ಹಾಗಾಗಬಾರದು ಅಂತ ಪೇಟೆಂಟ್ ಕಚೇರಿಗೆ ಹೋದರು. 2023ರ ಮಾರ್ಚ್ 23ರಂದು ಆ ಪೇಟೆಂಟ್ ಅರ್ಜಿ ತಿರಸ್ಕೃತವಾಯಿತು. ದೊಡ್ಡ ಕಂಪನಿಗೆ 20,000 ರೂಪಾಯಿ ಲೆಕ್ಕಕ್ಕೇ ಇಲ್ಲ. ಶುಲ್ಕ ತಡೆಯುವುದು ಇಂಥವರನ್ನು. ಹಾಗಾದರೆ ಕರಡಿನ ಮೇಲೆ ರೋಗಿಗಳು ಏನು ಹೇಳಿದ್ದರು, ಇಲಾಖೆ ಅದಕ್ಕೆ ಏನು ಉತ್ತರ ಕೊಟ್ಟಿತು? ನನ್ನ ಪ್ರಶ್ನೆ ಮತ್ತೆ ಅಲ್ಲಿಗೇ ಬರುತ್ತದೆ.

ಮಾತು ಮುಗಿದ ಮೇಲೆ ಕಾನೂನು ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಸರ್, ಕರಡು ಬರುವುದೇ ಇಂಗ್ಲಿಷ್, ಹಿಂದಿಯಲ್ಲಿ. ನಮ್ಮೂರಿನವರು ಇದಕ್ಕೆ ಅಭಿಪ್ರಾಯ ಹೇಳುವುದು ಹೇಗೆ?”

ಒಳ್ಳೆಯ ಪ್ರಶ್ನೆ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಬಂದಾಗ ಇದೇ ಪ್ರಶ್ನೆ ಎದ್ದಿತ್ತು. ಅದನ್ನು ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಕನ್ನಡದಲ್ಲಿ ಪ್ರಚಾರ ಆಗಿಲ್ಲ ಅನ್ನುವ ವಾದ ನಮ್ಮ ಹೈಕೋರ್ಟಿನ ಮುಂದೆ ಬಂದು, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ಸಿಕ್ಕಿತ್ತು. ಪರಿಸರದ ವಿಷಯದಲ್ಲಿ ಕೇಳಿದ್ದನ್ನು ಔಷಧದ ವಿಷಯದಲ್ಲೂ ಕೇಳಬಹುದು. ಯಾರಾದರೂ ಕೇಳಿದ್ದು ನನಗೆ ಗೊತ್ತಿಲ್ಲ, ಅಷ್ಟೆ.

“ನಾವು ನಾಳೆಯೇ ಮಾಡಬಹುದಾದ್ದು ಏನಾದರೂ ಇದೆಯೇ?” ಅಂತ ಇನ್ನೊಬ್ಬರು ಕೇಳಿದರು. ಇದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಮುಖ್ಯ ನೀತಿಗಳನ್ನು ರೂಪಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನು ಸರ್ಕಾರ ತಾನಾಗಿ ಪ್ರಕಟಿಸಬೇಕು. 6ನೇ ಸೆಕ್ಷನ್ ಪ್ರಕಾರ, ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಕನ್ನಡದಲ್ಲೇ ಬರೆಯಿರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಳುಹಿಸಬೇಕಾದ್ದು ಕೇಂದ್ರದ ಉದ್ಯಮ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಗೆ. ಹೀಗೆ ಕೇಳಿ: 2023ರ ಆಗಸ್ಟ್‌ನ ಕರಡು ಪೇಟೆಂಟ್ ತಿದ್ದುಪಡಿ ನಿಯಮಗಳಿಗೆ ಬಂದ ಎಲ್ಲ ಆಕ್ಷೇಪಣೆ ಮತ್ತು ಸಲಹೆಗಳ ಪ್ರತಿ ಕೊಡಿ. ಫಾರ್ಮ್ 27ರಿಂದ ಮೌಲ್ಯದ ಕಾಲಂ ತೆಗೆಯುವ ತೀರ್ಮಾನಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿಗಳ ಪ್ರತಿ ಕೊಡಿ. 2014ರ ನೀತಿಯಂತೆ ಸಿದ್ಧಪಡಿಸಿದ ಅಭಿಪ್ರಾಯಗಳ ಸಾರಾಂಶದ ಪ್ರತಿ ಕೊಡಿ. ಸಿದ್ಧಪಡಿಸಿಲ್ಲದಿದ್ದರೆ ಹಾಗೆಂದು ಬರೆದು ತಿಳಿಸಿ.